ಕೀ ತಿರುಗಲ್ಲ ಅಂದ್ರೆ ಸ್ಟೇರಿಂಗ್ ಅಲ್ಲಾಡಿಸಿ

ಮಳೆಗಾಲದಲ್ಲಿ ನಮ್ಮ ಅಜ್ಜಿ ಮನೆಯ ಬಾಗಿಲು ಉಬ್ಬುತ್ತಿತ್ತು. ರಾತ್ರಿ ಹಾಕಿದ ಚಿಲಕ ಬೆಳಿಗ್ಗೆ ಎಷ್ಟು ಎಳೆದರೂ ಬರುತ್ತಿರಲಿಲ್ಲ. ಅಜ್ಜಿ ಚಿಲಕದ ಜೊತೆ ಗುದ್ದಾಡುತ್ತಿರಲಿಲ್ಲ. ಬಾಗಿಲಿಗೆ ಭುಜ ಕೊಟ್ಟು ಒತ್ತಿ, ಎರಡೇ ಬೆರಳಲ್ಲಿ ಚಿಲಕ ಸರಿಸುತ್ತಿದ್ದರು. ಟಕ್ ಅಂತ ಬರುತ್ತಿತ್ತು.

ಇದನ್ನು ಚಿಕ್ಕಂದಿನಿಂದ ನೋಡಿದ್ದೆ. ಆದರೂ ಹೋದ ಡಿಸೆಂಬರಿನಲ್ಲಿ ಮಡಿಕೇರಿಯ ಒಂದು ಇಳಿಜಾರು ಓಣಿಯಲ್ಲಿ, ಬೆಳಿಗ್ಗೆ ಆರೂವರೆಗೆ, ಕಾರಿನ ಕೀ ತಿರುಗದೆ ಕೂತಾಗ ಅಜ್ಜಿ ನೆನಪಾಗಲಿಲ್ಲ. ಹಿಂದಿನ ರಾತ್ರಿ ಕಾರು ಜಾರದಿರಲಿ ಅಂತ ಮುಂದಿನ ಚಕ್ರವನ್ನು ಓರೆ ಮಾಡಿ ರಸ್ತೆ ಅಂಚಿನ ಕಲ್ಲಿಗೆ ಒತ್ತಿ ನಿಲ್ಲಿಸಿದ್ದೆ. ಬೆಳಿಗ್ಗೆ ಕೀ ಒಳಗೆ ಹೋಯಿತು, ತಿರುಗಲಿಲ್ಲ. ಜೋರು ಮಾಡಿದೆ. ಬೆರಳಿನ ಮೇಲೆ ಕೀಯ ಅಚ್ಚು ಮೂಡಿತೇ ಹೊರತು ಕೀ ಅಲ್ಲಾಡಲಿಲ್ಲ. ಡಿಕ್ಕಿಯಿಂದ ಕಟಿಂಗ್ ಪ್ಲೇಯರ್ ತರೋಣ ಅಂತ ಇಳಿದೆ. ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಹುಡುಗನೊಬ್ಬ ಬೈಕ್ ನಿಧಾನ ಮಾಡಿ, "ಸಾರ್, ಸ್ಟೇರಿಂಗ್ ಅಲ್ಲಾಡಿಸ್ತಾ ಕೀ ತಿರುಗ್ಸಿ" ಅಂದ. ಹಾಗೇ ಮಾಡಿದೆ. ತಿರುಗಿತು. ಥ್ಯಾಂಕ್ಸ್ ಹೇಳೋಣ ಅಂದರೆ ಅವನು ಆಗಲೇ ತಿರುವು ದಾಟಿದ್ದ.

ಅವನು ಹೇಳಿದ್ದೂ ಅಜ್ಜಿ ಮಾಡುತ್ತಿದ್ದದ್ದೂ ಒಂದೇ. ಕೀ ತೆಗೆದ ಮೇಲೆ ಸ್ಟೇರಿಂಗನ್ನು ಸ್ವಲ್ಪ ತಿರುಗಿಸಿದರೆ ಕಟ್ ಅಂತ ಕಚ್ಚಿಕೊಳ್ಳುತ್ತದೆ, ಅಲ್ವಾ? ಅಲ್ಲಿ ನಿಜಕ್ಕೂ ಒಂದು ಚಿಲಕವಿದೆ. ಸ್ಪ್ರಿಂಗ್ ತಳ್ಳುವ ಉಕ್ಕಿನ ತುಂಡು ಸ್ಟೇರಿಂಗ್ ಕಂಬಿಯ ಕಚ್ಚಿನೊಳಗೆ ಹೋಗಿ ಕೂರುತ್ತದೆ. ಕಳ್ಳನಿಗಾಗಿ ಮಾಡಿದ ಏರ್ಪಾಡು ಇದು. ಅಮೆರಿಕದಲ್ಲಿ 1970ರಿಂದ ಹೊಸ ಕಾರುಗಳಿಗೆ ಇಂಥ ಕಳ್ಳತನ ತಡೆಯುವ ಬೀಗ ಕಡ್ಡಾಯವಾಯಿತು. ಕೀ ತಿರುಗಿಸಿದಾಗ ಆ ಉಕ್ಕಿನ ತುಂಡು ಮೇಲೇಳಬೇಕು. ಆದರೆ ಓರೆಯಾಗಿ ಕಲ್ಲಿಗೆ ಒತ್ತಿಕೊಂಡ ಟೈರು ತಿರುಚಿದ ರಬ್ಬರಿನ ಹಾಗೆ ವಾಪಸ್ ಬರಲು ನೋಡುತ್ತಿರುತ್ತದೆ. ಆ ಒತ್ತಡವೆಲ್ಲ ಕಂಬಿಯ ಮೂಲಕ ಬಂದು ಚಿಲಕದ ಪಕ್ಕೆಗೆ ಬೀಳುತ್ತದೆ. ಉಬ್ಬಿದ ಬಾಗಿಲು ಕೂಡ ಹೀಗೇ ಪಕ್ಕದಿಂದ ಒತ್ತುವುದು. ಸ್ಟೇರಿಂಗ್ ಅಲ್ಲಾಡಿಸಿದಾಗ ಒಂದು ಕ್ಷಣ ಆ ಭಾರ ಇಳಿಯುತ್ತದೆ. ಆ ಕ್ಷಣದಲ್ಲಿ ಕೀಗೆ ಎರಡು ಬೆರಳಿನ ಬಲ ಸಾಕು.

ಜೋರು ಮಾಡಿದರೆ ಯಾಕೆ ಆಗುವುದಿಲ್ಲ? 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂತೊಂ ಒಂದು ಸರಳ ಲೆಕ್ಕ ಮುಂದಿಟ್ಟ. ಎರಡು ವಸ್ತುಗಳನ್ನು ಎಷ್ಟು ಒತ್ತಿ ಹಿಡಿಯುತ್ತೀರೋ ಅವುಗಳ ನಡುವಿನ ಘರ್ಷಣೆಯೂ ಅಷ್ಟೇ ಹೆಚ್ಚುತ್ತದೆ. ಸುಮಾರು 200 ವರ್ಷ ಮೊದಲೇ ಲಿಯೊನಾರ್ಡೊ ಡ ವಿಂಚಿ ಇದನ್ನು ಕಂಡುಕೊಂಡಿದ್ದ. ಆದರೆ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು ಸುಮ್ಮನಾಗಿದ್ದ.

ಇದು ಕೀ ಹೋಗುವ ತೂತಿನೊಳಗೂ ನಡೆಯುತ್ತದೆ. ಅಲ್ಲೊಂದು ಉರುಳೆ ಇದೆ. ಅದರಲ್ಲಿ ಸಾಲಾಗಿ ತೆಳು ಲೋಹದ ಬಿಲ್ಲೆಗಳು, ಒಂದೊಂದಕ್ಕೂ ಪುಟ್ಟ ಸ್ಪ್ರಿಂಗು. ಕೀ ಇಲ್ಲದಾಗ ಬಿಲ್ಲೆಗಳ ತುದಿ ಉರುಳೆಯಿಂದ ಹೊರಗೆ ಚಾಚಿ ಸುತ್ತಲಿನ ಗೂಡಿನ ಕಚ್ಚಿನಲ್ಲಿ ಸಿಕ್ಕಿಕೊಂಡಿರುತ್ತದೆ. ಸರಿಯಾದ ಕೀ ಹೋದರೆ ಅದರ ಏರುತಗ್ಗು ಎಲ್ಲ ಬಿಲ್ಲೆಗಳನ್ನೂ ಒಳಗೆಳೆದುಕೊಳ್ಳುತ್ತದೆ, ಉರುಳೆ ತಿರುಗುತ್ತದೆ. ಈಗ ಒಂದು ಬಿಲ್ಲೆ ಮಾತ್ರ ಧೂಳು ಮೆತ್ತಿಕೊಂಡು ನಿಧಾನವಾಗಿದೆ ಅಂದುಕೊಳ್ಳಿ. ಅದರ ತುದಿ ಕೂದಲೆಳೆಯಷ್ಟು ಹೊರಗಿದೆ. ನೀವು ಕೀ ತಿರುಚಿದರೆ ಆ ತುದಿ ಕಚ್ಚಿನ ಅಂಚಿಗೆ ಒತ್ತಿಕೊಳ್ಳುತ್ತದೆ. ಪಾಪದ ಸ್ಪ್ರಿಂಗು ಅದನ್ನು ಕದಲಿಸುವ ಮಾತೇ ಇಲ್ಲ. ಹೆಚ್ಚು ತಿರುಚಿದಷ್ಟೂ ಹಿಡಿತ ಬಿಗಿ. ಬೀಗವನ್ನು ಬಿಗಿ ಮಾಡುತ್ತಿರುವವರು ನಾವೇ. ಅದಕ್ಕೇ ಮೊದಲು ಕೈ ಸಡಿಲ ಬಿಡಬೇಕು. ಕೀ ಪೂರ್ತಿ ಒಳಗೆ ತಳ್ಳಿ, ಒಂಚೂರು ಹಿಂದೆಮುಂದೆ ಆಡಿಸಿ, ಆಮೇಲೆ ಹಗುರವಾಗಿ ತಿರುಗಿಸಬೇಕು.

ಕಟಿಂಗ್ ಪ್ಲೇಯರ್ ಹಾಕಿದ್ದರೆ ಏನಾಗುತ್ತಿತ್ತು ಅಂತಲೂ ಹೇಳಿಬಿಡುತ್ತೇನೆ. ಕೀಯಲ್ಲಿ ಅತಿ ಆಳದ ಕಚ್ಚು ಇರುವ ಕಡೆ ಲೋಹ ಕಡಿಮೆ. ತಿರುಚುವ ಬಲವೆಲ್ಲ ಅಲ್ಲೇ ಸೇರುತ್ತದೆ. ಮುರಿದರೆ ಅಲ್ಲೇ ಮುರಿಯಬೇಕು, ಅರ್ಧ ತುಂಡು ಒಳಗೇ ಉಳಿಯಬೇಕು.

ಕೆಲವೊಮ್ಮೆ ತೊಂದರೆ ಉಲ್ಟಾ. ಕೀ ತಿರುಗುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಕೀ ಹೊರಬರುವಾಗ ಅದರ ಏರುತಗ್ಗಿನ ಮೇಲೆ ಬಿಲ್ಲೆಗಳು ಕುಣಿಯಲೇಬೇಕು. ಕುಣಿಯಲು ಜಾಗ ಇರುವುದು 'ಲಾಕ್' ಸ್ಥಾನದಲ್ಲಿ, ಅಂದರೆ ಕೀ ಒಳಗೆ ಹಾಕುವಾಗ ಇರುವ ಸ್ಥಾನದಲ್ಲಿ ಮಾತ್ರ. ಬೇರೆ ಕಡೆ ಗೂಡಿನ ನುಣುಪು ಗೋಡೆ ಬಿಲ್ಲೆಗಳನ್ನು ಅದುಮಿ ಹಿಡಿಯುತ್ತದೆ, ಬಿಲ್ಲೆಗಳು ಕೀಯನ್ನು ಹಿಡಿಯುತ್ತವೆ. ನಮ್ಮ ಎಷ್ಟೋ ಕಾರುಗಳಲ್ಲಿ ಕೀಯನ್ನು ಸ್ವಲ್ಪ ಒಳಗೆ ಒತ್ತಿದರೆ ಮಾತ್ರ ಲಾಕ್‌ಗೆ ಬರುತ್ತದೆ. ಓಡುವಾಗ ಅಪ್ಪಿತಪ್ಪಿ ಸ್ಟೇರಿಂಗ್ ಲಾಕ್ ಆಗದಿರಲಿ ಅಂತ. ಆಟೋಮ್ಯಾಟಿಕ್ ಗೇರಿನ ಬಹಳಷ್ಟು ಕಾರುಗಳಲ್ಲಿ ಗೇರು 'ಪಿ'ಯಲ್ಲಿ, ಅಂದರೆ ಪಾರ್ಕಿಂಗ್‌ನಲ್ಲಿ, ಸರಿಯಾಗಿ ಕೂರದಿದ್ದರೆ ಕೀ ಬಿಡುವುದಿಲ್ಲ. ಬ್ರೇಕ್ ತುಳಿದು ಗೇರನ್ನು ಇನ್ನೊಮ್ಮೆ ಪೂರ್ತಿ 'ಪಿ'ಗೆ ತಳ್ಳಿ ನೋಡಬೇಕು. ಕೆಲವು ಕಾರುಗಳಲ್ಲಿ ಬ್ಯಾಟರಿ ಸತ್ತರೂ ಕೀ ಒಳಗೇ ಸಿಕ್ಕಿಕೊಳ್ಳುತ್ತದೆ.

ಈಗ ನನ್ನ ತಪ್ಪೊಪ್ಪಿಗೆ. ಮಡಿಕೇರಿಗೆ ಹೊರಡುವ ವಾರ ಮೊದಲು, ಕೀ ಸ್ವಲ್ಪ ಬಿಗಿ ಅನ್ನಿಸಿ, ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಮನೆಯ ಬೀಗಕ್ಕೆ ಎಲ್ಲರೂ ಬಿಡುವುದು ಅದೇ ತಾನೆ. ಬೆಂಗಳೂರಿನ ಮಧ್ಯಾಹ್ನ ಚೆನ್ನಾಗೇ ಕೆಲಸ ಮಾಡಿತು. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಚ್ಚಲುಮನೆಯ ಬಾಟಲಿಯನ್ನು ಬಿಸಿನೀರಲ್ಲಿ ಇಡುತ್ತೇವಲ್ಲ, ಅದೇ ಬೆಳ್ಳನೆ ಗಡ್ಡೆ ನನ್ನ ಇಗ್ನಿಷನ್ನಿನೊಳಗೂ ಕೂತಿತ್ತು. ಸೂರ್ಯಕಾಂತಿ ಎಣ್ಣೆ ಗಟ್ಟಿಯಾಗುವುದಿಲ್ಲ ನಿಜ, ಆದರೆ ಗಾಳಿಯ ಆಮ್ಲಜನಕ ಸೇರಿ ಅಂಟಾಗುತ್ತದೆ. ಅಡುಗೆಮನೆಯ ಎಣ್ಣೆ ಬಾಟಲಿಯ ಕುತ್ತಿಗೆ ಮುಟ್ಟಿ ನೋಡಿ. ಆ ಅಂಟಿಗೆ ಧೂಳು ಸೇರಿದರೆ ಬಿಲ್ಲೆಗಳ ಗತಿ ಮುಗಿದಂತೆ.

ಡಬ್ಲ್ಯುಡಿ-40 ಸ್ಪ್ರೇ? ಅದು 1953ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಹುಟ್ಟಿದ್ದು ನೀರನ್ನು ಓಡಿಸಿ ತುಕ್ಕು ತಡೆಯಲು. ನಲವತ್ತನೇ ಪ್ರಯತ್ನದಲ್ಲಿ ಸರಿಹೋಯಿತು ಅಂತ ಆ ಹೆಸರು. ಅಟ್ಲಾಸ್ ಕ್ಷಿಪಣಿಯ ಮೈಗೆ ಹಚ್ಚುತ್ತಿದ್ದರು. ಕೊಳೆ ತೊಳೆಯಲು ಒಳ್ಳೆಯದು, ಜಾಸ್ತಿ ದಿನ ಜಾರಿಕೆ ಉಳಿಯುವುದಿಲ್ಲ. ನನ್ನ ಮತ ಗ್ರಾಫೈಟ್ ಪುಡಿಗೆ. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಹಾಳೆ ಹಾಳೆಯಾಗಿ ಜೋಡಿಸಿಕೊಂಡಿವೆ. ಒಂದು ಹಾಳೆಯೊಳಗೆ ನಂಟು ಗಟ್ಟಿ, ಹಾಳೆ ಹಾಳೆಗಳ ನಡುವೆ ಸಡಿಲ. ಇಸ್ಪೀಟು ಕಟ್ಟಿನ ಹಾಗೆ ಜಾರುತ್ತವೆ. ಧೂಳಿಗೂ ಅಂಟುವುದಿಲ್ಲ. ಪುಡಿ ಸಿಗದಿದ್ದರೆ ಮೆತ್ತಗಿನ ಪೆನ್ಸಿಲನ್ನು ಕೀಯ ಎರಡೂ ಬದಿಗೆ ಕಪ್ಪಗಾಗುವಂತೆ ಉಜ್ಜಿ, ಹತ್ತು ಸಲ ಒಳಗೆ ಹಾಕಿ ತೆಗೆಯಿರಿ. ಎಣ್ಣೆ ಬಿಟ್ಟಿರುವ ಬೀಗಕ್ಕೆ ಮಾತ್ರ ಗ್ರಾಫೈಟ್ ಹಾಕಬೇಡಿ, ಕಪ್ಪು ಕೆಸರಾಗುತ್ತದೆ. ಮೊದಲು ತೊಳೆಸಿ.

ಕೀಗೊಂಚಲಿನ ಭಾರವೂ ಲೆಕ್ಕಕ್ಕಿದೆ. 2014ರಲ್ಲಿ ಜನರಲ್ ಮೋಟರ್ಸ್ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಅವುಗಳ ಇಗ್ನಿಷನ್ ಸ್ವಿಚ್ಚಿನ ಹಿಡಿತ ಎಷ್ಟು ದುರ್ಬಲವಾಗಿತ್ತೆಂದರೆ, ಗೊಂಚಲು ತೂಗಾಡಿದರೆ ಅಥವಾ ಮೊಣಕಾಲು ತಾಗಿದರೆ ಓಡುವ ಕಾರೇ ಆಫ್ ಆಗುತ್ತಿತ್ತು. ಏರ್‌ಬ್ಯಾಗೂ ಕೆಲಸ ಮಾಡುತ್ತಿರಲಿಲ್ಲ. ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿಕೊಂಡಿತು. ಎಲ್ಲ ಕಾರೂ ಹಾಗಲ್ಲ. ಆದರೂ ಮನೆ, ಗೋದ್ರೆಜ್ ಬೀರು, ಆಫೀಸಿನ ಡ್ರಾಯರು ಎಲ್ಲವನ್ನೂ ಕಾರಿನ ಕೀಗೆ ನೇತುಹಾಕುವುದನ್ನು ನಾನು ಬಿಟ್ಟೆ.

ಊರಿಗೆ ವಾಪಸ್ ಬಂದು ಇಗ್ನಿಷನ್ ತೊಳೆಸಿದೆ. ಆಮೇಲೂ ಕೀ ಒಂದಿಷ್ಟು ತಡವರಿಸುತ್ತಿತ್ತು. ಗ್ಯಾರೇಜಿನವರು ಕೀಯನ್ನು ಬೆಳಕಿಗೆ ಹಿಡಿದು, "ಇದ್ರ ಹಲ್ಲು ಸವೆದಿದೆ, ಡೂಪ್ಲಿಕೇಟ್ ಮಾಡ್ಸಿದ್ರೂ ಸವೆದದ್ದೇ ಬರುತ್ತೆ. ಶೋರೂಮಲ್ಲಿ ಕೊಟ್ಟ ಎರಡ್ನೇ ಕೀ ಎಲ್ಲಿ?" ಅಂದರು. ಅದು ಹನ್ನೊಂದು ವರ್ಷದಿಂದ ಬೀರುವಿನಲ್ಲಿ ಆರ್‌ಸಿ ಬುಕ್ಕಿನ ಕವರಿನೊಳಗೆ ಮಲಗಿತ್ತು. ತಂದು ಹಾಕಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗಿತು.