ಒಂದು ಕ್ಲಿಕ್ಕಿಗೆ 42 ರೂಪಾಯಿ

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ಕೊಡಗಿನ ನಮ್ಮೂರು ಗೋಣಿಕೊಪ್ಪಕ್ಕೆ ಬಂದಿದ್ದ. ಮೂರು ದಿನ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ತೋಟಕ್ಕೆ ಇಳಿದರೆ ಜಿಗಣೆ. ಕೂತು ಕೂತು ಬೇಜಾರಾಗಿ ಅಪ್ಪನ ಬೀರು ಕೆದಕಿದವನ ಕೈಗೆ ಯಾಶಿಕಾ ಎಲೆಕ್ಟ್ರೋ 35 ಅನ್ನೋ ಒಂದು ಫಿಲಂ ಕ್ಯಾಮೆರಾ ಸಿಕ್ಕಿತು. ಹಳೇ ಚರ್ಮದ ಕೇಸು, ಕೇಸಿನ ಮೇಲೆ ಹಸಿರು ಬೂಷ್ಟು. 'ಮಾವ, ಇದಕ್ಕೆ ಈಗಲೂ ರೋಲು ಸಿಗುತ್ತಂತೆ. ಡಿಜಿಟಲ್‌ಗಿಂತ ಇದರಲ್ಲೇ ಮಜಾ ಜಾಸ್ತಿಯಂತೆ, ಹೌದಾ?' ಅಂದ.

ಮೊದಲು ಲೆಕ್ಕ ಹಾಕೋಣ ಬಾ ಅಂದೆ. ಕಲರ್ ರೋಲಿಗೆ ಒಂದು ಸಾವಿರ ಅಂತ ಇಟ್ಟುಕೋ. ನಮ್ಮ ಕಡೆ ಈಗ ರೋಲು ತೊಳೆಯುವವರು ಯಾರೂ ನನಗೆ ಗೊತ್ತಿಲ್ಲ, ಬೆಂಗಳೂರಿಗೆ ಕಳಿಸಬೇಕು, ಕೊರಿಯರ್ರು, ತೊಳೆಸೋದು, ಸ್ಕ್ಯಾನು ಎಲ್ಲ ಸೇರಿ ಇನ್ನೊಂದು ಐನೂರು. ಅಂಗಡಿಯಿಂದ ಅಂಗಡಿಗೆ ಹೆಚ್ಚುಕಮ್ಮಿ ಇರುತ್ತದೆ, ಅಂದಾಜಿಗೆ ಇಷ್ಟು ಸಾಕು. 1,500 ರೂಪಾಯಿಯನ್ನು 36 ಫೋಟೋಗೆ ಹಂಚಿದರೆ ಒಂದಕ್ಕೆ ಸುಮಾರು 42 ರೂಪಾಯಿ. ಅದರಲ್ಲಿ ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ಬೆರಳು ಅಡ್ಡ ಬಂದಿದ್ದೂ ಸೇರಿದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಅವನೇ ಇನ್ನೊಂದು ಲೆಕ್ಕ ತೆಗೆದ. 60 ಸಾವಿರದ ಡಿಜಿಟಲ್ ಕ್ಯಾಮೆರಾ ಅಂದರೆ 40 ರೋಲಿನ ದುಡ್ಡು. ವಾರಕ್ಕೊಂದು ರೋಲು ಮುಗಿಸುವವನಿಗೆ ವರ್ಷದೊಳಗೆ ಡಿಜಿಟಲ್ಲೇ ಲಾಭ. 'ಆದರೆ ಅಜ್ಜ ವರ್ಷಕ್ಕೆ ಎಷ್ಟು ರೋಲು ತೆಗೀತಿದ್ರು?' ನಾಲ್ಕು, ಬಹಳ ಅಂದರೆ. ಹಾಗಾದರೆ ಅಪ್ಪನಿಗೆ 40 ರೋಲು ಮುಗಿಯಲು ಹತ್ತು ವರ್ಷ ಬೇಕು! ಅದೇ ಲೆಕ್ಕ, ಮನುಷ್ಯ ಬದಲಾದರೆ ಉತ್ತರ ಉಲ್ಟಾ. ಯಾವುದು ಅಗ್ಗ ಅನ್ನೋ ಜಗಳ ಇಷ್ಟು ವರ್ಷವಾದರೂ ಮುಗಿಯದೆ ಇರೋದು ಇದಕ್ಕೇ ಅಂತ ನನ್ನ ಅನಿಸಿಕೆ. ದುಡ್ಡು ಎರಡರಲ್ಲೂ ಹೋಗುತ್ತದೆ, ಯಾವಾಗ ಹೋಗುತ್ತದೆ ಅನ್ನೋದಷ್ಟೇ ಬೇರೆ.

ಈ ವ್ಯಾಪಾರದ ಗುಟ್ಟು ಹೊಸದೇನಲ್ಲ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ತನ್ನ ಮೊದಲ ಕೊಡಾಕ್ ಕ್ಯಾಮೆರಾವನ್ನು 25 ಡಾಲರ್‌ಗೆ ಮಾರಿದ. ಒಳಗೆ 100 ಫೋಟೋಗಾಗುವಷ್ಟು ರೋಲು ಮೊದಲೇ ಇರುತ್ತಿತ್ತು. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು, ಅವರು 10 ಡಾಲರ್ ತಗೊಂಡು ಪ್ರಿಂಟ್ ಹಾಕಿ, ಹೊಸ ರೋಲು ತುಂಬಿ ವಾಪಸ್ ಕೊಡುತ್ತಿದ್ದರು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾಗೆ ಒಂದೇ ಡಾಲರ್. ಕ್ಯಾಮೆರಾವನ್ನು ಕೈಗೆಟುಕುವ ಹಾಗೆ ಕೊಟ್ಟುಬಿಡು, ಆಮೇಲೆ ಜೀವಮಾನವಿಡೀ ರೋಲು ಮಾರು. ನೂರು ವರ್ಷ ಇದೇ ದಾರಿ ನಡೆಯಿತು.

ನಮ್ಮ ಕಡೆಗೆ ಈ ದಾರಿ ನಿಧಾನವಾಗಿ ಬಂತು. ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲಮನೆ) ಗೋಡೆ ನೋಡಿ. ಕೊಡವರ ಉಡುಪು ಕುಪ್ಯ ಚೇಲೆ ಉಟ್ಟು, ಸೊಂಟಕ್ಕೆ ಪೀಚೆ ಕತ್ತಿ ಸಿಕ್ಕಿಸಿಕೊಂಡ ಹಿರಿಯರ ಒಂದೊಂದೇ ಫೋಟೋ. ಪಕ್ಕದಲ್ಲಿ ಮಿಲಿಟರಿ ಯೂನಿಫಾರ್ಮಿನ ಮಕ್ಕಳು. ಅಂಥ ಅಜ್ಜನಿಗೆ ಇಡೀ ಬದುಕಿನಲ್ಲಿ ಅದೊಂದೇ ಫೋಟೋ ಇದ್ದಿರಬಹುದು, ಅದಕ್ಕೇ ಆ ಮುಖದಲ್ಲಿ ಅಷ್ಟು ಗಾಂಭೀರ್ಯ. ಮನೆಯಲ್ಲೇ ಕ್ಯಾಮೆರಾ ಇಟ್ಟುಕೊಳ್ಳುವ ಕಾಲ ಬಂದಾಗ ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3 ಬಂತು. ಅದರ ರೋಲಿಗೆ ಹನ್ನೆರಡೇ ಫೋಟೋ. ಹೊರದೇಶದ ಒಳ್ಳೇ ಕ್ಯಾಮೆರಾ ಬೇಕೆಂದರೆ ಆಮದಿನ ಕಟ್ಟುಪಾಡು, ಹಾಗಾಗಿ ಯಾರಾದರೂ ಹೊರಗಿನಿಂದ ತರಬೇಕಿತ್ತು. ಅಪ್ಪನ ಯಾಶಿಕಾ ಹಾಗೇ ಬಂದದ್ದು. ಸೈನ್ಯದಲ್ಲಿದ್ದ ದೊಡ್ಡಪ್ಪ ಯಾರಿಂದಲೋ ತರಿಸಿಕೊಟ್ಟಿದ್ದರು.

ರೋಲಿನ ಕಾರ್ಖಾನೆ ನಮಗೆ ದೂರವೇನೂ ಇರಲಿಲ್ಲ. 1960ರಲ್ಲಿ ಕೇಂದ್ರ ಸರ್ಕಾರ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅನ್ನು ಊಟಿಯಲ್ಲಿ ಶುರು ಮಾಡಿತು. ಫಿಲಂ ತಯಾರಿಸಲು ಧೂಳಿಲ್ಲದ, ತಂಪಾದ ಗಾಳಿ ಬೇಕು, ಅದಕ್ಕೇ ಬೆಟ್ಟ ಹುಡುಕಿದ್ದು. ಅವರ ಬ್ರ್ಯಾಂಡಿನ ಹೆಸರು ಇಂದು. ಚಂದ್ರ ಅಂತ ಅರ್ಥ. ಕನ್ನಡದಲ್ಲಿ ಓದಿದರೆ ಇವತ್ತು ಅಂತಲೂ ಆಗುತ್ತದೆ, ಕಂಪನಿ ಮಾತ್ರ ನಿನ್ನೆಯದಾಗಿಬಿಟ್ಟಿತು. ಕಪ್ಪುಬಿಳುಪು ಫಿಲಂ, ಎಕ್ಸ್-ರೇ ಫಿಲಂ, ಪ್ರಿಂಟ್ ಪೇಪರ್ ಎಲ್ಲ ಮಾಡಿದ ಅದನ್ನು 1996ರಲ್ಲಿ ರೋಗಗ್ರಸ್ತ ಅಂತ ಘೋಷಿಸಿದರು. ಆಮೇಲೆ ಅದು ಏಳಲಿಲ್ಲ.

ರೋಲು ಅಗ್ಗವಾಗದಿರಲು ಇನ್ನೊಂದು ಕಾರಣ ಅದರೊಳಗಿನ ಬೆಳ್ಳಿ. ಫಿಲಂ ಮೇಲೆ ಬೆಳಕು ಹಿಡಿಯೋದು ಬೆಳ್ಳಿಯ ಉಪ್ಪಿನ ಸಣ್ಣ ಹರಳುಗಳು, ಅವನ್ನು ಹಿಡಿದಿಟ್ಟಿರೋದು ಜೆಲಟಿನ್. 1979ರ ಮೊದಲಲ್ಲಿ ಔನ್ಸಿಗೆ ಆರು ಡಾಲರ್ ಆಸುಪಾಸಿದ್ದ ಬೆಳ್ಳಿ 1980ರ ಜನವರಿಯಲ್ಲಿ 50 ಡಾಲರ್ ಹತ್ತಿರ ಹೋಯಿತು. ಅಮೆರಿಕದ ಹಂಟ್ ಸಹೋದರರು ಸಿಕ್ಕಷ್ಟು ಬೆಳ್ಳಿ ಬಾಚಿಕೊಂಡಿದ್ದರು. ಫಿಲಂ ಬೆಲೆಯೂ ಏರಿತು. ಸ್ಟುಡಿಯೋಗಳಲ್ಲಿ ರೋಲು ತೊಳೆದ ಹಳೇ ಹೈಪೋ ರಾಸಾಯನಿಕದ ನೀರನ್ನು ಚೆಲ್ಲದೆ ಎತ್ತಿಡುತ್ತಿದ್ದದ್ದು ಸುಮ್ನೆ ಅಲ್ಲ, ಅದರಿಂದ ಬೆಳ್ಳಿ ತೆಗೆಯುವವರು ಬಂದು ದುಡ್ಡು ಕೊಟ್ಟು ಒಯ್ಯುತ್ತಿದ್ದರು.

ಹೀಗೆ ದುಡ್ಡಿನ ಭಯ ಇದ್ದಾಗ ಮನೆಯ ಅಭ್ಯಾಸಗಳೂ ಹಾಗೇ ಇದ್ದವು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಹಾಕಿದ ರೋಲು ಮಡಿಕೇರಿ ದಸರಾ ದಾಟಿ, ಸುಗ್ಗಿ ಹಬ್ಬ ಹುತ್ತರಿಗೆ ಮುಗಿಯುತ್ತಿತ್ತು. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಒಂದೇ ರೋಲು! ಕೊನೆಗೆ ಎರಡು ಉಳಿದರೆ 'ರೋಲು ಮುಗಿಸಿಬಿಡೋಣ' ಅಂತ ಕಣದಲ್ಲಿ ಕಾಫಿ ಹರವುತ್ತಿದ್ದವರನ್ನೋ ನಾಯಿಯನ್ನೋ ನಿಲ್ಲಿಸಿ ತೆಗೆಯುತ್ತಿದ್ದರು. ಈಗ ಆಲ್ಬಮ್ ನೋಡಿದರೆ ಆ ಬೇಡದ ಎರಡೇ ಫೋಟೋ ಎಲ್ಲಕ್ಕಿಂತ ಚೆನ್ನಾಗಿವೆ, ಯಾಕಂದರೆ ಅದರಲ್ಲಿ ಯಾರೂ ನೆಟ್ಟಗೆ ನಿಂತಿಲ್ಲ.

ಮಜಾ ಇತ್ತು ಅಂತ ಹೇಳುವವರು ಕೆಲವು ವಿಷಯ ಮರೆತುಬಿಡುತ್ತಾರೆ. ನನ್ನ ಅಕ್ಕನ ಮದುವೆಯಲ್ಲಿ ನಾನು ಬಹಳ ಜಂಬದಿಂದ 36 ಫೋಟೋ ತೆಗೆದೆ. ಗಂಗಾ ಪೂಜೆ, ವಾಲಗ, ಊಟದ ಸಾಲು, ಎಲ್ಲ. ಕೌಂಟರ್ 36 ದಾಟಿದರೂ ರೋಲು ಬಿಗಿಯಾಗಲಿಲ್ಲ, 38, 39 ಅಂತ ಹೋಗುತ್ತಲೇ ಇತ್ತು. ರೋಲಿನ ತುದಿ ಅದನ್ನು ಸುತ್ತಿಕೊಳ್ಳುವ ಸ್ಪೂಲಿಗೆ ಸಿಕ್ಕಿರಲೇ ಇಲ್ಲ. ಒಂದೇ ಒಂದು ಫೋಟೋ ಬಿದ್ದಿಲ್ಲ. ಲಿವರ್ ಎಳೆದಾಗ ರೋಲನ್ನು ವಾಪಸ್ ಸುತ್ತುವ ಎಡಗಡೆಯ ನಾಬೂ ಜೊತೆಗೆ ತಿರುಗುತ್ತಿದೆಯಾ ಅಂತ ನೋಡಬೇಕು, ತಿರುಗದಿದ್ದರೆ ಒಳಗೆ ಫಿಲಂ ಓಡುತ್ತಿಲ್ಲ ಅಂತ. ಇದು ನನಗೆ ಗೊತ್ತಾದದ್ದು ಮದುವೆ ಮುಗಿದ ಮೇಲೆ. ಅಕ್ಕ ಈಗಲೂ ಹಬ್ಬಕ್ಕೊಂದು ಸಲ ಇದನ್ನು ಎತ್ತುತ್ತಾಳೆ.

ಎರಡನೇದು ಬೆಳಕು. ಕೊಡಗಿನವರಿಗೆ ಇದೇ ದೊಡ್ಡ ತಲೆನೋವು. ಸಿಲ್ವರ್ ಓಕ್ ಮತ್ತು ಕಾಡುಮರದ ನೆರಳು, ಕೆಳಗೆ ಕಾಫಿ ಗಿಡ, ಮೇಲೆ ಜುಲೈ ಮೋಡ. ಮಧ್ಯಾಹ್ನ ಎರಡು ಗಂಟೆಗೂ ಸಂಜೆಯ ಹಾಗೆ. ಅಂಥ ಕಡೆ 100ರ ರೋಲು (ಈ ಅಂಕಿ ಜಾಸ್ತಿಯಾದಷ್ಟೂ ಕಮ್ಮಿ ಬೆಳಕು ಸಾಕು) ಹಾಕಿದರೆ ಶಟರ್ ಸೆಕೆಂಡಿನ 15ನೇ ಒಂದು ಭಾಗಕ್ಕೆ ಇಳಿಯುತ್ತದೆ, ಕೈಯಲ್ಲಿ ಹಿಡಿದು ತೆಗೆದರೆ ಎಲ್ಲ ಅಲುಗಾಟ. ರೋಲು ಒಮ್ಮೆ ಹಾಕಿದರೆ 36 ಮುಗಿಯೋವರೆಗೆ ಅದೇ ಸ್ಪೀಡು. ಡಿಜಿಟಲ್‌ನಲ್ಲಿ ಬಟನ್ ಒತ್ತಿ 3200ಕ್ಕೆ ಏರಿಸಿದರೆ ಅದೇ ಬೆಳಕಿಗೆ 32 ಪಟ್ಟು ವೇಗ, ಹತ್ತಿರಹತ್ತಿರ 500ನೇ ಒಂದು ಭಾಗ. ದಸರಾದ ರಾತ್ರಿ ಮಂಟಪಗಳ ಫೋಟೋ ಅಂದರೆ ಆಗೆಲ್ಲ ಪುಟ್ಟ ಫ್ಲ್ಯಾಷು, ಪ್ರಿಂಟ್ ಬಂದಾಗ ಮುಂದೆ ನಿಂತವರ ತಲೆ ಬೆಳ್ಳಗೆ, ಹಿಂದೆ ದೇವರು ಕತ್ತಲಲ್ಲಿ. ಡಿಜಿಟಲ್ ನಮ್ಮ ಮಳೆಗೂ ರಾತ್ರಿಗೂ ಮಾಡಿದ ಉಪಕಾರ ಸಣ್ಣದಲ್ಲ, ಇದನ್ನು ಒಪ್ಪಿಕೊಳ್ಳದೆ ಫಿಲಂ ಹೊಗಳುವವರ ಮಾತು ನನಗೆ ಹಿಡಿಸಲ್ಲ.

ಆ ಡಿಜಿಟಲ್ ಹುಟ್ಟಿದ್ದೂ ಫಿಲಂ ಮನೆಯಲ್ಲೇ. 1975ರಲ್ಲಿ ಕೊಡಾಕ್‌ನ ಎಂಜಿನಿಯರ್ ಸ್ಟೀವ್ ಸ್ಯಾಸನ್ ಕಟ್ಟಿದ ಕ್ಯಾಮೆರಾ ಸುಮಾರು 3.6 ಕೆ.ಜಿ. ತೂಗುತ್ತಿತ್ತು. 0.01 ಮೆಗಾಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಹೋಗಲು 23 ಸೆಕೆಂಡು. ರೋಲು ಮಾರಿ ಬದುಕುವ ಕಂಪನಿಗೆ ರೋಲು ಬೇಡದ ಕ್ಯಾಮೆರಾ ಕಂಡರೆ ಹೇಗಾಗಬೇಡ? 1991ರಲ್ಲಿ ಅದೇ ಕೊಡಾಕ್ 1.3 ಮೆಗಾಪಿಕ್ಸೆಲ್‌ನ ಡಿಸಿಎಸ್ ಮಾರಿತು, ಬೆಲೆ ಪತ್ರಿಕಾ ಕಚೇರಿಗಳು ಮಾತ್ರ ಕೊಳ್ಳುವಷ್ಟು. 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರ್ ಒಳಗೆ ಬಂದಾಗ ಸಾಮಾನ್ಯರ ಲೆಕ್ಕ ಬದಲಾಯಿತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಆದರೆ ಗೆದ್ದವರೂ ಬಹಳ ದಿನ ಕುಣಿಯಲಿಲ್ಲ. 2010ರಲ್ಲಿ ಪ್ರಪಂಚಕ್ಕೆಲ್ಲ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಹೋಗಿದ್ದವು, 2023ಕ್ಕೆ ಅದು 80 ಲಕ್ಷದ ಒಳಗೆ ಬಂತು. ಜೇಬಿನ ಫೋನು ನುಂಗಿಹಾಕಿತು.

ಕ್ಲಿಕ್ಕಿಗೆ ದುಡ್ಡಿಲ್ಲ ಅಂತ ಆದ ಮೇಲೆ ನಾವು ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ಆ ಎರಡು ಮೂರು ದಿನದಲ್ಲಿ ನಾನೊಬ್ಬನೇ 600 ಫೋಟೋ ತೆಗೆದಿದ್ದೇನೆ. ಎಷ್ಟು ನೋಡಿದೆ? ಇಪ್ಪತ್ತು ಇರಬಹುದು. ದುಡ್ಡು ಮಾತ್ರ ಬೇರೆ ಬಾಗಿಲಿಂದ ಹೋಯಿತು: ಕಾರ್ಡು, ಹಾರ್ಡ್ ಡಿಸ್ಕು, ಲ್ಯಾಪ್‌ಟಾಪು, ಈಗ ಕ್ಲೌಡಿಗೆ ತಿಂಗಳ ಬಾಡಿಗೆ. ಎಂಟು ವರ್ಷದ ಫೋಟೋ ಇದ್ದ ನನ್ನ ಹಾರ್ಡ್ ಡಿಸ್ಕ್ ಒಂದು ದಿನ ಟಿಕ್ ಟಿಕ್ ಅಂದು ನಿಂತಿತು. ರಿಪೇರಿಯವರು ಹೇಳಿದ ಮೊತ್ತ ಕೇಳಿ ಹಾಗೇ ವಾಪಸ್ ತಂದೆ, ಈಗಲೂ ಡ್ರಾಯರಿನಲ್ಲಿದೆ.

ಇನ್ನೊಂದು ಘಟನೆ ನೆನಪಾಗುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ನೆಂಟರೊಬ್ಬರ ಮನೆ ಹೋಯಿತು. ಜೀವ ಉಳಿಯಿತು, ಸಾಮಾನು ಏನೂ ಉಳಿಯಲಿಲ್ಲ. ಕೆಲವು ತಿಂಗಳು ಕಳೆದು ಅವರು ಕೇಳಿಕೊಂಡು ಬಂದದ್ದು ಹಳೇ ಫೋಟೋಗಳನ್ನು. ರೋಲಿನ ಕಾಲದಲ್ಲಿ ಮದುವೆ ಮುಗಿದರೆ ಮ್ಯಾಕ್ಸಿ ಸೈಜಿನ ಎಕ್ಸ್‌ಟ್ರಾ ಕಾಪಿ ಹಾಕಿಸಿ ನೆಂಟರಿಗೆಲ್ಲ ಹಂಚುತ್ತಿದ್ದರಲ್ವಾ, ಹಾಗಾಗಿ ಅವರ ಮದುವೆಯ ಹನ್ನೊಂದು ಫೋಟೋ ನಮ್ಮ ಆಲ್ಬಮ್‌ನಲ್ಲಿ ಸಿಕ್ಕವು. ಮಗಳ ನಾಮಕರಣದ್ದು ಸಿಗಲಿಲ್ಲ. ಅದು ಫೋನಿನಲ್ಲಿ ತೆಗೆದದ್ದು, ಆ ಫೋನು ಮನೆಯೊಳಗಿತ್ತು.

ಹಾಗಂತ ಪ್ರಿಂಟು, ನೆಗೆಟಿವ್ ಶಾಶ್ವತ ಅಂತ ಹೇಳಲಾರೆ, ಅದೂ ನಮ್ಮ ಊರಿನಲ್ಲಿ. ಜೆಲಟಿನ್ ಅಂದರೆ ಫಂಗಸ್‌ಗೆ ಹಬ್ಬದೂಟ. ನಾಲ್ಕು ತಿಂಗಳ ತೇವದಲ್ಲಿ ಪ್ರಿಂಟು ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಲೆನ್ಸಿನೊಳಗೆ ಜೇಡನ ಬಲೆಯ ಹಾಗೆ ಫಂಗಸ್ ಹರಡುತ್ತದೆ. ಅದಕ್ಕೆ ಫಿಲಂ ಲೆನ್ಸು, ಡಿಜಿಟಲ್ ಲೆನ್ಸು ಅನ್ನೋ ಭೇದ ಇಲ್ಲ. ಅಪ್ಪ ಬೀರುವಿನಲ್ಲಿ ಸಣ್ಣ ಬಲ್ಬು ಉರಿಸಿಡುತ್ತಿದ್ದರು. ನಾನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡುತ್ತೇನೆ, ಅದು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಕೊಡಗಿನಲ್ಲಿ ಕ್ಯಾಮೆರಾ ಇಟ್ಟುಕೊಳ್ಳುವ ಖರ್ಚಿನಲ್ಲಿ ಇದನ್ನೂ ಬರೆದುಕೊಳ್ಳಬೇಕು.

ಈಗ ಫಿಲಂ ಮತ್ತೆ ಬಂದಿದೆ. 2012ರಲ್ಲಿ ನಿಲ್ಲಿಸಿದ್ದ ಎಕ್ಟಾಕ್ರೋಮ್ ಅನ್ನೋ ಕಲರ್ ಫಿಲಂ ಅನ್ನು ಕೊಡಾಕ್ 2018ರಲ್ಲಿ ವಾಪಸ್ ತಂದಿತು. 2024ರಲ್ಲಿ ಪೆಂಟಾಕ್ಸ್ ಹೊಸದಾಗಿ 17 ಅನ್ನೋ ಫಿಲಂ ಕ್ಯಾಮೆರಾ ಬಿಟ್ಟಿತು. ಒಂದು ಫ್ರೇಮನ್ನು ಎರಡು ಮಾಡಿ 36ರ ರೋಲಿನಲ್ಲಿ 72 ಫೋಟೋ ಕೊಡುತ್ತದೆ. ರೋಲಿನ ದುಡ್ಡು ಉಳಿಸುವ ಈ ಉಪಾಯ 1959ರಲ್ಲೇ ಒಲಿಂಪಸ್ ಪೆನ್ ಮಾಡಿತ್ತು. ಅರವತ್ತೈದು ವರ್ಷವಾದರೂ ಚಿಂತೆ ಅದೇ.

ಹುಡುಗ ಕೊನೆಗೆ ಹಟ ಬಿಡಲಿಲ್ಲ. ಯಾಶಿಕಾಗೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗಲ್ಲ, ಬೇರೆ ಸೆಲ್ಲಿಗೆ ಒಂದು ಅಡಾಪ್ಟರ್ ತರಿಸಿದೆವು. ಬಾಗಿಲಿನ ಸ್ಪಂಜು ಅಂಟಂಟಾಗಿತ್ತು, ಅದನ್ನೂ ಕೆರೆದು ಹೊಸದು ಅಂಟಿಸಿದೆವು. 400ರ ರೋಲು ಹಾಕುವಾಗ ನಾಬು ತಿರುಗುತ್ತಿದೆಯಾ ಅಂತ ಇಬ್ಬರೂ ಮೂರು ಸಲ ನೋಡಿದೆವು. ಮೊದಲ ಫೋಟೋಗೆ ಅವನು ಐದು ನಿಮಿಷ ಒದ್ದಾಡಿದ. ಅಜ್ಜಿ ಮೆಟ್ಟಿಲ ಮೇಲೆ ಕೂತು ಬಿದಿರಿನ ಕಳಲೆ ಹೆಚ್ಚುತ್ತಿದ್ದರು, ಅವನು ಫೋಕಸ್ ಸರಿ ಮಾಡುವಷ್ಟರಲ್ಲಿ ಅರ್ಧ ಕಳಲೆ ಮುಗಿದಿತ್ತು. ಒತ್ತಿದ ಮೇಲೆ ಅಭ್ಯಾಸಬಲದಿಂದ ಕ್ಯಾಮೆರಾ ತಿರುಗಿಸಿ ಹಿಂಬದಿ ನೋಡಿದ. ಅಲ್ಲಿ ಕಪ್ಪು ತಗಡು.

ಕೌಂಟರ್ ಈಗ 22ರಲ್ಲಿದೆ. ಉಳಿದದ್ದು ಹುತ್ತರಿಗೆ ಅಂತೆ. ಫೋನ್ ಮಾಡಿದಾಗಲೆಲ್ಲ ಮೊದಲು ಅದನ್ನೇ ಕೇಳುತ್ತಾನೆ, 'ಮಾವ, ಸಿಲಿಕಾ ಜೆಲ್ ಬಿಸಿ ಮಾಡಿದ್ರಾ?'