ಫೋನಿನಲ್ಲಿ ಕಣ್ಣಿನ ಪರೀಕ್ಷೆ: ಎರಡು ಮೀಟರಿನ ಲೆಕ್ಕ

ಕಣ್ಣಾಸ್ಪತ್ರೆಯ ಗೋಡೆಗೆ ನೇತುಹಾಕಿರುವ ಅಕ್ಷರಗಳ ಹಲಗೆಯ ಮೂಲ ಲೆಕ್ಕ 1862ರದು. ನೆದರ್‌ಲೆಂಡ್ಸಿನ ಉಟ್ರೆಕ್ಟ್ ನಗರದ ನೇತ್ರವೈದ್ಯ ಹರ್ಮನ್ ಸ್ನೆಲೆನ್ ಅದನ್ನು ಅಚ್ಚು ಹಾಕಿಸಿದ್ದು ಆ ವರ್ಷ. ಒಂದು ಡಿಗ್ರಿ ಕೋನವನ್ನು 60 ಪಾಲು ಮಾಡಿ, ಒಂದು ಪಾಲಿಗೆ ಮಿನಿಟ್ ಎನ್ನುತ್ತಾರೆ. ನೆಟ್ಟಗಿರುವ ಕಣ್ಣು ಒಂದು ಮಿನಿಟ್ ಅಂತರದ ಎರಡು ಗೆರೆಗಳನ್ನು ಬೇರೆಬೇರೆಯಾಗಿ ಕಾಣಬಲ್ಲದು ಎಂಬುದು ಲೆಕ್ಕದ ಬುಡ. ಅಕ್ಷರದ ಒಂದೊಂದು ಗೆರೆ ಒಂದು ಮಿನಿಟ್ ದಪ್ಪ, ಇಡೀ ಅಕ್ಷರ ಐದು ಮಿನಿಟ್ ಎತ್ತರ. 6 ಮೀಟರ್ ದೂರದಲ್ಲಿ ಆ ಎತ್ತರ 8.7 ಮಿಲಿಮೀಟರ್ ಆಗುತ್ತದೆ. ಅದನ್ನು ಓದಿದವರ ಚೀಟಿಯಲ್ಲಿ 6/6 ಎಂದು ಬರೆಯುತ್ತಾರೆ. 6/18 ಎಂದಿದ್ದರೆ, ಸರಿಯಾದ ಕಣ್ಣು 18 ಮೀಟರಿನಿಂದ ಓದುವುದನ್ನು ಈ ಕಣ್ಣು 6 ಮೀಟರಿಗೆ ಬಂದ ಮೇಲಷ್ಟೇ ಓದಿತು ಎಂದರ್ಥ.

ಇಲ್ಲಿ ಅಳತೆಯಾಗುವುದು ಕೋನ ಮಾತ್ರ. ದೂರ ಮೂರನೇ ಒಂದಾದರೆ ಅಕ್ಷರವನ್ನೂ ಮೂರನೇ ಒಂದಕ್ಕೆ ಇಳಿಸಿದರಾಯಿತು. ಫೋನನ್ನು 2 ಮೀಟರ್ ದೂರದಲ್ಲಿಟ್ಟರೆ 6/6 ಅಕ್ಷರ 2.9 ಮಿಲಿಮೀಟರ್, ಅತಿ ದೊಡ್ಡದಾದ 6/60 ಅಕ್ಷರ 29 ಮಿಲಿಮೀಟರ್. ಎರಡೂ ಅಂಗೈಯಗಲದ ಪರದೆಯಲ್ಲಿ ಹಿಡಿಸುತ್ತವೆ. ಹಾಗಾಗಿ ಫೋನು ಒಳ್ಳೆಯ ಹಲಗೆಯೇ ಹೌದು. ಕೆಡುವುದೆಲ್ಲ ದೂರದಲ್ಲಿ.

ಫೋನನ್ನು ಕೈಯಲ್ಲೇ ಹಿಡಿದು 40 ಸೆಂಟಿಮೀಟರಿನಲ್ಲಿ ‘ದೂರದೃಷ್ಟಿ’ ಪರೀಕ್ಷಿಸುತ್ತೇವೆನ್ನುವ ಆ್ಯಪ್‌ಗಳನ್ನು ನಂಬಬೇಡಿ. ಮೈನಸ್ 2.5 ಪವರ್ ಇರುವ ಹುಡುಗನಿಗೆ ಸ್ಪಷ್ಟವಾಗಿ ಕಾಣುವ ಅತಿ ದೂರದ ಜಾಗವೇ 40 ಸೆಂಟಿಮೀಟರ್. ಅವನು ಅಲ್ಲಿ ಎಲ್ಲ ಅಕ್ಷರಗಳನ್ನೂ ಸರಾಗವಾಗಿ ಓದಿ 6/6 ಪಡೆಯುತ್ತಾನೆ, ಮರುದಿನ ಶಾಲೆಯಲ್ಲಿ ಬೋರ್ಡು ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಾನೆ. ಇತ್ತ ಐವತ್ತು ದಾಟಿದ ಅವನ ಅಜ್ಜಿ ದೂರದ ಬಸ್ಸಿನ ಬೋರ್ಡನ್ನು ಓದಬಲ್ಲರು, ಚಾಳೀಸು ಹಾಕದೆ ಅದೇ ಪರೀಕ್ಷೆಗೆ ಕೂತರೆ ನಪಾಸು. 2 ಮೀಟರಿಗೂ ಒಂದು ಮಿತಿಯುಂಟು: ಮೈನಸ್ ಅರ್ಧ ಪವರಿನ ಕಣ್ಣು ಅಲ್ಲಿಯವರೆಗೆ ಸ್ವಚ್ಛವಾಗಿಯೇ ನೋಡುತ್ತದೆ, ಆದ್ದರಿಂದ ಅಷ್ಟು ಚಿಕ್ಕ ದೋಷ ಸಿಕ್ಕಿಬೀಳುವುದಿಲ್ಲ. ಮನೆಯ ತಪಾಸಣೆಗೆ ಅದನ್ನು ಒಪ್ಪಿಕೊಳ್ಳಬಹುದು.

ದೂರದ ತಪ್ಪು ಎಷ್ಟು ದುಬಾರಿ ಎಂಬುದನ್ನೂ ನೋಡಿ. ಈಗಿನ ವೈಜ್ಞಾನಿಕ ಹಲಗೆಗಳಲ್ಲಿ ಒಂದು ಸಾಲಿನ ಅಕ್ಷರ ಅದರ ಕೆಳಗಿನ ಸಾಲಿಗಿಂತ 1.26 ಪಟ್ಟು ದೊಡ್ಡದು. 2 ಮೀಟರಿನಲ್ಲಿ ಕೂತವರು 10 ಸೆಂಟಿಮೀಟರ್ ಮುಂದೆ ಬಾಗಿದರೆ ಅಕ್ಷರ ಶೇ 5ರಷ್ಟು ದೊಡ್ಡದಾಗಿ ಕಾಣುತ್ತದೆ, ಸಾಲಿನ ಕಾಲುಭಾಗವೂ ಅಲ್ಲ. 40 ಸೆಂಟಿಮೀಟರಿನಲ್ಲಿ ಅದೇ 10 ಸೆಂಟಿಮೀಟರ್ ಬಾಗಿದರೆ ಶೇ 33, ಒಂದು ಸಾಲಿಗೂ ಹೆಚ್ಚು. ಕಾಣದಿದ್ದಾಗ ಮುಂದಕ್ಕೆ ಬಾಗುವುದು ಮನುಷ್ಯ ಸ್ವಭಾವ. ಬೆನ್ನು ಕುರ್ಚಿಗೆ ಒರಗಿರಲಿ.

2 ಮೀಟರಿನ ಈ ಪದ್ಧತಿ ಹೊಲಮನೆಗಳ ನಡುವೆ ಪರೀಕ್ಷೆಗೊಳಗಾದದ್ದು ಕೀನ್ಯಾದ ನಕೂರುವಿನಲ್ಲಿ. ಬ್ರಿಟನ್ನಿನ ನೇತ್ರವೈದ್ಯ ಆಂಡ್ರ್ಯೂ ಬಸ್ತವ್ರಸ್ ಮತ್ತು ಸಂಗಡಿಗರು ‘ಪೀಕ್ ಅಕ್ಯುಟಿ’ ಎಂಬ ಆ್ಯಪ್ ಹಿಡಿದು ಮನೆಮನೆಗೆ ಹೋದರು, ಅದೇ ಜನರನ್ನು ಕ್ಲಿನಿಕ್ಕಿನ ಹಲಗೆಯ ಮುಂದೆಯೂ ಕೂರಿಸಿದರು. ಒಂದೇ ಹಲಗೆಯನ್ನು ಎರಡು ಸಲ ಓದಿಸಿದಾಗ ಬರುವಷ್ಟೇ ವ್ಯತ್ಯಾಸ ಇಲ್ಲಿಯೂ ಬಂತು ಎಂದು 2015ರಲ್ಲಿ ವರದಿ ಮಾಡಿದರು. ಆ್ಯಪ್ ತೋರಿಸುವುದು ಇಂಗ್ಲಿಷಿನ ‘ಇ’ ಅಕ್ಷರವೊಂದನ್ನೇ, ನಾಲ್ಕು ದಿಕ್ಕಿಗೆ ತಿರುಗಿಸಿ. ನೋಡುವವರು ಅದರ ಮೂರು ಹಲ್ಲುಗಳು ಯಾವ ಕಡೆಗಿವೆ ಎಂದು ಕೈ ತೋರಿಸುತ್ತಾರೆ, ಫೋನು ಹಿಡಿದವರು ಪರದೆಯ ಮೇಲೆ ಅದೇ ಕಡೆಗೆ ಬೆರಳು ಎಳೆಯುತ್ತಾರೆ. ಓದುಬರಹ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ‘ಡಬ್ಲ್ಯುಎಚ್‌ಒ ಐಸ್’ ಎಂಬ ದೃಷ್ಟಿ ಪರೀಕ್ಷೆಯ ಆ್ಯಪ್ ಉಚಿತ.

ಕನ್ನಡ ಅಕ್ಷರಗಳನ್ನೇ ಬಳಸಬಾರದೇ ಎಂದರೆ, ತೊಡಕಿದೆ. ರ ಮತ್ತು ಠ ನಡುವಿನ ವ್ಯತ್ಯಾಸ ಒಳಗಿನ ಒಂದು ಚುಕ್ಕೆ, ಪ ಮತ್ತು ಷ ನಡುವೆ ಒಂದು ಗೀರು. ಅವಕ್ಕೆ ಹೋಲಿಸಿದರೆ ‘ಈ’ಯನ್ನು ಎಷ್ಟು ಮಸುಕಾದರೂ ಆಕಾರದಿಂದಲೇ ಊಹಿಸಬಹುದು. ಎಲ್ಲ ಅಕ್ಷರಗಳೂ ಸಮಾನ ಕಷ್ಟದವಾಗಿರಬೇಕು ಎಂಬ ಶರತ್ತು ಅಲ್ಲಿಗೆ ಮುರಿಯುತ್ತದೆ.

ಶುರು ಮಾಡುವ ಮೊದಲು ಪರದೆಯ ಅಳತೆ ಖಾತ್ರಿಯಾಗಬೇಕು. 2 ಮೀಟರಿನ ಆ್ಯಪ್‌ನಲ್ಲಿ 6/60ರ ಅಕ್ಷರಕ್ಕೆ ಸ್ಕೇಲು ಹಿಡಿಯಿರಿ. 29 ಮಿಲಿಮೀಟರ್ ಇಲ್ಲದಿದ್ದರೆ ಆ ಫೋನಿನ ಗಾತ್ರವನ್ನು ಆ್ಯಪ್ ತಪ್ಪಾಗಿ ಊಹಿಸಿದೆ. ಕೆಲವು ಆ್ಯಪ್‌ಗಳು ಎಟಿಎಂ ಕಾರ್ಡನ್ನು ಪರದೆಗೆ ತಾಗಿಸಿ ಹೊಂದಿಸಿಕೊಳ್ಳಲು ಹೇಳುತ್ತವೆ. ಕಾರ್ಡು ಯಾವ ಬ್ಯಾಂಕಿನದಾದರೂ ಉದ್ದ 85.6 ಮಿಲಿಮೀಟರೇ. ಬೆಳಕಿನ ಮಟ್ಟವನ್ನು ಪೂರ್ತಿ ಏರಿಸಿ. ಅದು ತಾನಾಗಿ ಏರಿಳಿಯುವ ಸೌಲಭ್ಯವನ್ನೂ ಡಾರ್ಕ್ ಮೋಡನ್ನೂ ರಾತ್ರಿಯ ಹಳದಿ ಬಣ್ಣವನ್ನೂ ನಿಲ್ಲಿಸಿ. ಕೋಣೆಯ ದೀಪ ಉರಿಯುತ್ತಿರಲಿ, ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿ ಇರುವ ಮಸುಕು ಇನ್ನಷ್ಟು ಹೆಚ್ಚುತ್ತದೆ. ಕಿಟಕಿಯ ಪ್ರತಿಬಿಂಬ ಗಾಜಿನ ಮೇಲೆ ಬೀಳಬಾರದು. ಗೀಚುಬಿದ್ದ ಟೆಂಪರ್ಡ್ ಗ್ಲಾಸ್‌ನ ತಪ್ಪನ್ನು ಕಣ್ಣಿನ ಮೇಲೆ ಹೊರಿಸಬೇಡಿ.

ಟೇಪಿನಲ್ಲಿ 2 ಮೀಟರ್ ಅಳೆದು ನೆಲದ ಮೇಲೆ ಗುರುತು ಮಾಡಿ. ಅಳತೆ ಕಣ್ಣಿನಿಂದ ಪರದೆಗೆ, ಕುರ್ಚಿಯ ಕಾಲಿನಿಂದಲ್ಲ. ಫೋನು ಕಣ್ಣಿನ ಮಟ್ಟದಲ್ಲಿರಲಿ. ದೂರಕ್ಕೆಂದು ಕನ್ನಡಕ ಇದ್ದವರು ಹಾಕಿಕೊಂಡೇ ನೋಡಬೇಕು. ಒಂದೊಂದೇ ಕಣ್ಣು, ಮೊದಲು ಬಲ, ಆಮೇಲೆ ಎಡ. ಇನ್ನೊಂದು ಕಣ್ಣನ್ನು ಅಂಗೈ ಬೋಗುಣಿಯಂತೆ ಮಾಡಿ ಮುಚ್ಚಿ, ಒತ್ತಬೇಡಿ. ಒತ್ತಿದ ಕಣ್ಣು ತನ್ನ ಸರದಿ ಬಂದಾಗ ಕೆಲ ಹೊತ್ತು ಮಂಜಾಗಿರುತ್ತದೆ. ಬೆರಳಿನಿಂದ ಮುಚ್ಚಿದರೆ ಮಕ್ಕಳು ಸಂದಿಯಲ್ಲಿ ಇಣುಕುತ್ತಾರೆ. ಕಣ್ಣು ಕಿರಿದು ಮಾಡಲು ಬಿಡಬೇಡಿ.

ಗೊತ್ತಾಗುತ್ತಿಲ್ಲ ಎಂದರೂ ಊಹಿಸಲು ಹೇಳಿ. ನಾಲ್ಕು ದಿಕ್ಕಿನಲ್ಲಿ ಒಂದನ್ನು ಕುರುಡಾಗಿ ಹೇಳಿದರೂ ಕಾಲುಭಾಗ ಸರಿಯಾಗುತ್ತದೆ. ಅದಕ್ಕೇ ಒಂದು ಗಾತ್ರದ ಐದು ಅಕ್ಷರಗಳಲ್ಲಿ ಕನಿಷ್ಠ ನಾಲ್ಕು ಸರಿಯಿದ್ದರೆ ಮಾತ್ರ ಆ ಸಾಲು ಪಾಸು. ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ 64ರಲ್ಲಿ 1. ಎರಡೇ ಅಕ್ಷರ ಕೇಳಿ ಮುಗಿಸಿದರೆ ಅದು 16ರಲ್ಲಿ 1 ಆಗಿಬಿಡುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಬಲೆ ಉಂಟು. ಸೋಮಾರಿ ಕಣ್ಣು (ಮಿದುಳು ಸರಿಯಾಗಿ ಬಳಸದೆ ಮಂಕಾದ ಕಣ್ಣು) ಒಂಟಿ ಅಕ್ಷರವನ್ನು ಚೆನ್ನಾಗಿಯೇ ಗುರುತಿಸುತ್ತದೆ, ಅದೇ ಅಕ್ಷರ ಸಾಲಿನ ನಡುವೆ ಬಂದರೆ ತಡವರಿಸುತ್ತದೆ. ಅಕ್ಷರದ ಸುತ್ತ ಚೌಕಟ್ಟೋ ಅಡ್ಡಗೆರೆಗಳೋ ಇರುವ ಆ್ಯಪ್ ಆರಿಸಿ. ಜೊತೆಗೆ, ಪ್ಲಸ್ ಪವರಿನ ದೋಷವನ್ನು ಎಳೆಯ ಕಣ್ಣಿನ ಮಸೂರ ತಾನೇ ಬಿಗಿದುಕೊಂಡು ಮುಚ್ಚಿಡುತ್ತದೆ. ಮಗು 6/6 ಓದಿತು ಎಂದ ಮಾತ್ರಕ್ಕೆ ಡ್ರಾಪ್ಸ್ ಹಾಕಿ ಮಾಡುವ ಪರೀಕ್ಷೆ ಬೇಡವೆಂದಾಗುವುದಿಲ್ಲ.

ಫಲಿತಾಂಶವನ್ನು ತಾರೀಖು, ದೂರ, ಕನ್ನಡಕ ಇತ್ತೋ ಇಲ್ಲವೋ ಎಂಬ ವಿವರದೊಂದಿಗೆ ಬರೆದಿಡಿ. ಒಂದು ಸಾಲಿನ ಏರಿಳಿತಕ್ಕೆ ಗಾಬರಿ ಬೇಡ, ಆಸ್ಪತ್ರೆಯಲ್ಲೂ ಅಷ್ಟು ಆಗುತ್ತದೆ. ಎರಡು ಕಣ್ಣುಗಳ ನಡುವೆ ಎರಡು ಸಾಲಿನ ಅಂತರವಿದ್ದರೆ, ಕನ್ನಡಕ ಹಾಕಿಯೂ 6/12 ಓದಲಾಗದಿದ್ದರೆ ವೈದ್ಯರ ಬಳಿ ಹೋಗಿ. ಹೋಗುವ ಮುನ್ನ ಒಂದು ಅಗ್ಗದ ಪ್ರಯೋಗ ಮಾಡಬಹುದು: ಕಪ್ಪು ರಟ್ಟಿಗೆ ಕೈವಾರದ ಮೊನೆಯಿಂದ 1ರಿಂದ 1.5 ಮಿಲಿಮೀಟರಿನ ತೂತು ಮಾಡಿ, ಅದರ ಮೂಲಕ ಮತ್ತೆ ಓದಿಸಿ. ತೂತು ಅಂಚಿನ ಕಿರಣಗಳನ್ನು ತಡೆದು ನಡುವಿನವನ್ನಷ್ಟೇ ಬಿಡುವುದರಿಂದ ಪವರಿನ ತಪ್ಪು ಬಹುಮಟ್ಟಿಗೆ ಮರೆಯಾಗುತ್ತದೆ. ಮೊದಲಿಗಿಂತ ಸಣ್ಣ ಸಾಲುಗಳನ್ನು ಓದಿದರೆ ಸಾಮಾನ್ಯವಾಗಿ ಕನ್ನಡಕದ ಕೆಲಸ. ಓದದಿದ್ದರೆ ಪೊರೆ, ರೆಟಿನಾ ಅಥವಾ ನರದ ಕಡೆ ನೋಡಬೇಕಾಗುತ್ತದೆ.

ಪವರ್ ಎಷ್ಟೆಂದು ಮಾತ್ರ ಅಕ್ಷರದ ಆ್ಯಪ್ ಹೇಳಲಾರದು. ಒಂದೇ 6/18ಕ್ಕೆ ಮೈನಸ್ಸೂ ಕಾರಣವಾಗಬಹುದು, ಪೊರೆಯೂ ಆಗಬಹುದು. ಪವರನ್ನೇ ಅಳೆಯಲು 2010ರಲ್ಲಿ ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರಮೇಶ್ ರಾಸ್ಕರ್ ಮತ್ತಿತರರು ‘ನೇತ್ರ’ ಎಂಬ ಸಾಧನ ಮಾಡಿದರು. ಫೋನಿನ ಪರದೆಯ ಮೇಲೆ ಕೂರುವ ಪುಟ್ಟ ಮಸೂರದ ತುಂಡು ಅದು. ನೋಡುವವರು ಪರದೆಯ ಗೆರೆಗಳನ್ನು ಒಂದರ ಮೇಲೊಂದು ಕೂಡಿಸಬೇಕು, ಕೂಡಿಸಲು ಎಷ್ಟು ಸರಿಸಬೇಕಾಯಿತು ಎಂಬುದರಿಂದ ಪವರ್ ಲೆಕ್ಕ ಸಿಗುತ್ತದೆ. ಆ ಹೆಚ್ಚುವರಿ ಮಸೂರವಿಲ್ಲದೆ ಕೇವಲ ಅಕ್ಷರ ತೋರಿಸಿ ಕನ್ನಡಕದ ನಂಬರು ಕೊಡುತ್ತೇನೆನ್ನುವ ಆ್ಯಪ್ ಬಂದರೆ ಅಳಿಸಿಹಾಕಿ.

6/6 ಬಂದರೂ ತಪ್ಪಿಸಿಕೊಳ್ಳುವ ಕಾಯಿಲೆಗಳಿವೆ. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಮೊದಲು ತಿನ್ನುವುದು ಬದಿಯ ನೋಟವನ್ನು. ನಡುವಿನ ನೋಟ, ಅಂದರೆ ಹಲಗೆ ಅಳೆಯುವ ಭಾಗ, ಕೊನೆಯ ಹಂತದವರೆಗೂ ಉಳಿದಿರಬಹುದು. ಸಕ್ಕರೆ ಕಾಯಿಲೆ ರೆಟಿನಾದಲ್ಲಿ ಶುರುಮಾಡುವ ಹಾನಿಯೂ ಹೀಗೆಯೇ ಮೌನಿ, ಆ ಕಾಯಿಲೆ ಇರುವವರಿಗೆ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಮಾಡುವ ತಪಾಸಣೆಗೆ ಫೋನು ಬದಲಿಯಲ್ಲ. ಇನ್ನು ಒಮ್ಮೆಗೇ ಕಣ್ಣು ಮಂಜಾದರೆ, ಮಿಂಚು ಹೊಳೆದಂತಾಗಿ ಕಪ್ಪು ಚುಕ್ಕೆಗಳ ಮಳೆ ಸುರಿದರೆ, ಒಂದು ಬದಿಯಿಂದ ಪರದೆ ಎಳೆದಂತಾದರೆ, ನೋವಿನೊಂದಿಗೆ ಕೆಂಪಾದ ಕಣ್ಣಿಗೆ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಟೇಪು ಹುಡುಕುತ್ತಾ ಕೂರಬೇಡಿ. ಅದೇ ದಿನ ಕಣ್ಣಾಸ್ಪತ್ರೆಗೆ ಹೊರಡಿ.