ಪದ ಪರಿಚಯ: ಆಲ್ಪೈನ್ ಹವಾಗುಣ

ಎತ್ತರದ ಪರ್ವತ ಹತ್ತುತ್ತಾ ಹೋದರೆ ಒಂದು ಹಂತದಲ್ಲಿ ಕಾಡು ಮುಗಿದುಹೋಗುತ್ತದೆ. ಅಲ್ಲಿಂದ ಮೇಲೆ ಹುಲ್ಲು, ಹಾವಸೆ, ಕಲ್ಲುಹೂವು, ನೆಲಕ್ಕೆ ಅಂಟಿಕೊಂಡ ಕುಳ್ಳು ಗಿಡಗಳು. ಇನ್ನೂ ಮೇಲೆ ಬರೀ ಬಂಡೆ ಮತ್ತು ಹಿಮ. ಮರಗಳ ಈ ಕೊನೆಯ ಗಡಿಯನ್ನು ವೃಕ್ಷರೇಖೆ ಎನ್ನುತ್ತಾರೆ. ವೃಕ್ಷರೇಖೆಗಿಂತ ಮೇಲಿನ ಪರ್ವತ ಪ್ರದೇಶದ ವರ್ಷಪೂರ್ತಿಯ ಹವೆಯೇ ಆಲ್ಪೈನ್ ಹವಾಗುಣ. ಹೆಸರಿನಲ್ಲಿ ಆಲ್ಪ್ಸ್ ಇದ್ದರೂ ಹಿಮಾಲಯ, ಆಂಡೀಸ್, ರಾಕೀಸ್, ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವ ಕೀನ್ಯಾ ಪರ್ವತ, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಹಿಮದ ಬೆಟ್ಟ ಎಂದ ಕೂಡಲೇ ನಮ್ಮ ಗಮನ ಹೋಗುವುದು ಚಳಿಗಾಲದ ಕಡೆಗೆ. ಆದರೆ ಆಲ್ಪೈನ್ ಹವಾಗುಣ ಅರ್ಥವಾಗಬೇಕಾದರೆ ನೋಡಬೇಕಾದ್ದು ಬೇಸಿಗೆಯನ್ನು. ಜಗತ್ತಿನ ಹವಾಗುಣಗಳನ್ನು ವಿಂಗಡಿಸಿದ ವಿಜ್ಞಾನಿ ವ್ಲಾಡಿಮಿರ್ ಕೊಪ್ಪೆನ್ ಎಳೆದ ಗೆರೆ ಹೀಗಿದೆ: ವರ್ಷದಲ್ಲೇ ಅತಿ ಬೆಚ್ಚನೆಯ ತಿಂಗಳ ಸರಾಸರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಮುಟ್ಟದ ಕಡೆ ಕಾಡು ಬೆಳೆಯುವುದಿಲ್ಲ. ಆ ಸರಾಸರಿ 0 ಮತ್ತು 10ರ ನಡುವೆ ಇದ್ದರೆ ಅದು ಟಂಡ್ರಾ ಹವಾಗುಣ. ಅತಿ ಬೆಚ್ಚನೆಯ ತಿಂಗಳೂ ಸೊನ್ನೆಗಿಂತ ಕೆಳಗಿದ್ದರೆ ಅದು ಸದಾ ಹಿಮದ ಹವಾಗುಣ. ಎವರೆಸ್ಟ್ ಶಿಖರ ಸೇರುವುದು ಈ ಎರಡನೆಯ ಗುಂಪಿಗೆ. ಈ ಲೆಕ್ಕದಲ್ಲಿ ಎತ್ತರದ ಪರ್ವತಗಳು ಧ್ರುವ ಪ್ರದೇಶಗಳ ಸಾಲಿನಲ್ಲೇ ನಿಲ್ಲುತ್ತವೆ.

ಚಳಿಗಾಲವನ್ನು ಬಿಟ್ಟು ಬೇಸಿಗೆಯನ್ನೇ ಏಕೆ ಅಳೆಯಬೇಕು ಎಂಬ ಪ್ರಶ್ನೆಗೆ ರಷ್ಯಾದ ವೆರ್ಖೋಯಾನ್ಸ್ಕ್ ಒಳ್ಳೆಯ ಉತ್ತರ. ಸೈಬೀರಿಯಾದ ಈ ಊರಿನಲ್ಲಿ 1892ರಲ್ಲಿ ಉಷ್ಣಾಂಶ ಮೈನಸ್ 67.8 ಡಿಗ್ರಿಗೆ ಇಳಿದಿತ್ತು. ವರ್ಷದ ಸರಾಸರಿ ಸುಮಾರು ಮೈನಸ್ 14. ಆದರೂ ಸುತ್ತಮುತ್ತ ಲಾರ್ಚ್ ಮರಗಳ ಕಾಡಿದೆ, ಏಕೆಂದರೆ ಜುಲೈ ಸರಾಸರಿ 15 ಡಿಗ್ರಿ ದಾಟುತ್ತದೆ. 2020ರ ಜೂನ್ 20ರಂದು ಅಲ್ಲಿ 38 ಡಿಗ್ರಿ ಸೆಕೆಯೂ ದಾಖಲಾಗಿದೆ. ಅತ್ತ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೌಂಟ್ ವಾಷಿಂಗ್ಟನ್ ಶಿಖರದ ವಾರ್ಷಿಕ ಸರಾಸರಿ ಸುಮಾರು ಮೈನಸ್ 3. ವೆರ್ಖೋಯಾನ್ಸ್ಕ್‌ಗೆ ಹೋಲಿಸಿದರೆ ಎಷ್ಟೋ ಬೆಚ್ಚಗಿನ ಜಾಗ, ಆದರೆ ಅಲ್ಲಿ ಕಾಡಿಲ್ಲ.

ಇದರ ಗುಟ್ಟು ಮರದ ಬದುಕಿನಲ್ಲಿದೆ. ಶೀತವಲಯದ ಮರಗಳು ಚಳಿಗಾಲದಲ್ಲಿ ಸುಪ್ತಸ್ಥಿತಿಗೆ ಜಾರುತ್ತವೆ, ಕಡುಚಳಿಯನ್ನೂ ತಾಳಿಕೊಳ್ಳುತ್ತವೆ. ಅವುಗಳಿಗೆ ನಿಜವಾಗಿ ತೊಡಕಾಗುವುದು ಬೆಳೆಯುವ ಕಾಲದಲ್ಲಿ. ಉಷ್ಣಾಂಶ 5 ಡಿಗ್ರಿಯ ಸುತ್ತ ಇದ್ದರೆ ಎಲೆಗಳು ಆಹಾರ ತಯಾರಿಸುತ್ತಲೇ ಇರುತ್ತವೆ, ಆದರೆ ಆ ಆಹಾರವನ್ನು ಬಳಸಿ ಹೊಸ ಕಟ್ಟಿಗೆ, ಹೊಸ ಬೇರು ಕಟ್ಟುವ ಕೆಲಸ ಬಹುತೇಕ ನಿಂತುಹೋಗುತ್ತದೆ. ಬೇಸಿಗೆಯಲ್ಲಿ ಬೆಳೆಯಲಾಗದ ಮರಕ್ಕೆ ಬೇರೆ ಯಾವ ಋತುವೂ ಇಲ್ಲ.

ಹಾಗಾದರೆ ಕುಳ್ಳು ಗಿಡಗಳು ಅಲ್ಲೇ ಹೇಗೆ ಬದುಕುತ್ತವೆ? ಆಲ್ಪೈನ್ ಪ್ರದೇಶದಲ್ಲಿ ನನಗೆ ಅತ್ಯಂತ ಅಚ್ಚರಿ ಅನಿಸುವುದು ಇದೇ. ಮರ ಎತ್ತರಕ್ಕೆ ಬೆಳೆದಷ್ಟೂ ಅದರ ತುದಿ ಬೀಸುವ ತಣ್ಣನೆಯ ಗಾಳಿಗೆ ಸಿಗುತ್ತದೆ. ಗಾಳಿಯ ಉಷ್ಣಾಂಶವೇ ಅದರ ಉಷ್ಣಾಂಶ. ನೆಲದಿಂದ ಕೆಲವೇ ಸೆಂಟಿಮೀಟರ್ ಎತ್ತರದ ಗಿಡದ ಲೆಕ್ಕ ಬೇರೆ. ಸಿಲೀನ್ ಅಕಾಲಿಸ್ ಎಂಬ ಗಿಡವನ್ನು ಬಗ್ಗಿ ನೋಡಿದರೆ ಬೆರಳು ತೂರಿಸಲೂ ಜಾಗವಿಲ್ಲದಂತೆ ಸಣ್ಣ ಎಲೆಗಳು ಒತ್ತೊತ್ತಾಗಿ ಸೇರಿ ಹಸಿರು ಗುಬ್ಬದ ಆಕಾರ ತಾಳಿರುತ್ತವೆ, ಮೇಲೆಲ್ಲ ಗುಲಾಬಿ ಬಣ್ಣದ ಪುಟ್ಟ ಹೂಗಳು. ಗಾಳಿ ಈ ಗುಬ್ಬದ ಮೇಲಿಂದ ಹಾದುಹೋಗುತ್ತದೆ, ಬಿಸಿಲಿನ ಕಾವು ಮಾತ್ರ ಒಳಗೇ ಉಳಿಯುತ್ತದೆ. ಬಿಸಿಲಿದ್ದ ದಿನ ಸುತ್ತಲಿನ ಗಾಳಿಗಿಂತ ಎಲೆಗಳ ನಡುವೆ 10 ಡಿಗ್ರಿಗೂ ಹೆಚ್ಚು ಬೆಚ್ಚಗಿರುವುದುಂಟು. ಹವಾಮಾನ ಕೇಂದ್ರದ ಉಷ್ಣಮಾಪಕ ಒಂದು ಬೇಸಿಗೆಯನ್ನು ಅಳೆಯುತ್ತಿದ್ದರೆ ಈ ಗಿಡ ಇನ್ನೊಂದು ಬೇಸಿಗೆಯಲ್ಲಿ ಬದುಕುತ್ತಿರುತ್ತದೆ.

ಮೇಲೆ ಹೋದಂತೆ ಚಳಿ ಹೆಚ್ಚುವುದಕ್ಕೆ ಕಾರಣ ಸರಳ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಮೇಲೇರುವ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಸರಾಸರಿ ತೆಗೆದರೆ ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಕೆ. ಬಿಸಿಲಿನ ಕಥೆ ಮಾತ್ರ ಉಲ್ಟಾ. ತೆಳುಗಾಳಿಯಲ್ಲಿ ಅತಿನೇರಳೆ ಕಿರಣಗಳ ತೀವ್ರತೆ ಪ್ರತಿ 1,000 ಮೀಟರಿಗೆ ಸುಮಾರು ಶೇ. 10ರಷ್ಟು ಏರುತ್ತದೆ, ಹೊಸ ಹಿಮ ಅದರ ಬಹುಪಾಲನ್ನು ತಿರುಗಿ ಮುಖಕ್ಕೇ ಎರಚುತ್ತದೆ. ಬೆರಳು ಮರಗಟ್ಟುವಷ್ಟು ಚಳಿಯಲ್ಲೂ ಕೆನ್ನೆ ಸುಟ್ಟುಹೋಗುವುದು ಇದರಿಂದಲೇ. ಕಣ್ಣಿಗೆ ಕಪ್ಪು ಕನ್ನಡಕವಿಲ್ಲದೆ ಇಂಥ ಹಿಮದ ಮೇಲೆ ಯಾರೂ ನಡೆಯಬಾರದು.

ವರ್ಷವಿಡೀ ಇಂಥ ಜಾಗ ಹೇಗಿರುತ್ತದೆ ಎಂದು ತಿಳಿಯಲು ಮೌಂಟ್ ವಾಷಿಂಗ್ಟನ್‌ಗೇ ಮರಳೋಣ. ಎತ್ತರ 1,917 ಮೀಟರ್ ಮಾತ್ರ, ಆದರೆ ತುದಿಯಲ್ಲೇ 1932ರಿಂದ ವೀಕ್ಷಣಾಲಯವಿದೆ. ಜನವರಿಯ ಸರಾಸರಿ ಮೈನಸ್ 15ರ ಆಸುಪಾಸು. 2023ರ ಫೆಬ್ರವರಿಯಲ್ಲಿ ಒಮ್ಮೆ ಉಷ್ಣಾಂಶ ಮೈನಸ್ 43.9ಕ್ಕೆ ಇಳಿಯಿತು, ಜೊತೆಗೆ ಬಿರುಗಾಳಿಯೂ ಸೇರಿ ಮೈಗೆ ತಾಗುವ ಚಳಿ ಮೈನಸ್ 78ರಷ್ಟಾಯಿತು. ಮೋಡದಲ್ಲಿ ಸೊನ್ನೆಗಿಂತ ತಣ್ಣಗಾಗಿಯೂ ಹೆಪ್ಪುಗಟ್ಟದೆ ತೇಲುವ ನೀರಹನಿಗಳಿರುತ್ತವೆ. ಕಂಬಕ್ಕೋ ಸರಳಿಗೋ ಬಡಿದ ಕ್ಷಣವೇ ಅವು ಮಂಜುಗಡ್ಡೆಯಾಗುತ್ತವೆ. ಹೀಗೆ ಕಟ್ಟುವ ಬಿಳಿ ಗರಿಗಳು ಗಾಳಿ ಬೀಸುವ ದಿಕ್ಕಿಗೆ ಚಾಚುವುದಿಲ್ಲ, ಗಾಳಿ ಬರುವ ಕಡೆಗೇ ಮುಖಮಾಡಿ ಬೆಳೆಯುತ್ತವೆ. ಗಾಳಿ ಅಳೆಯುವ ಉಪಕರಣದ ಮೇಲೂ ಇದು ಕಟ್ಟುವುದರಿಂದ ಸಿಬ್ಬಂದಿ ಹೊರಗೆ ಬಂದು ಗಡ್ಡೆ ಒಡೆದು ತೆಗೆಯಬೇಕಾಗುತ್ತದೆ.

ವಸಂತ ಎಂದು ನಾವು ಕರೆಯುವ ಏಪ್ರಿಲ್ ಅಲ್ಲಿ ಇನ್ನೂ ಚಳಿಗಾಲವೇ. ಗಂಟೆಗೆ 372 ಕಿಲೋಮೀಟರ್ ವೇಗದ ಪ್ರಸಿದ್ಧ ಗಾಳಿ ಬೀಸಿದ್ದು 1934ರ ಏಪ್ರಿಲ್ 12ರಂದು. 1996ರಲ್ಲಿ ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ ಚಂಡಮಾರುತವೊಂದು ಅದನ್ನು ಮೀರಿಸಿತು. ಜೂನ್ ಹೊತ್ತಿಗೆ ನೆಲ ಕಾಣುತ್ತದೆ, ಹೂಗಳು ಅವಸರದಲ್ಲಿ ಅರಳುತ್ತವೆ. ಜುಲೈ ಸರಾಸರಿ 10 ಡಿಗ್ರಿಯ ಹೊಸ್ತಿಲವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಆಗಲೂ ಮಂಜು ಮುಸುಕುವುದು ತಪ್ಪುವುದಿಲ್ಲ, ಹಿಮ ಬೀಳದ ತಿಂಗಳು ಎಂದು ಯಾವುದನ್ನೂ ಬೆರಳಿಟ್ಟು ತೋರಿಸಲಾಗದು. ಅಕ್ಟೋಬರ್ ಹೊತ್ತಿಗೆ ಮತ್ತೆ ಚಳಿಗಾಲ.

ಈ ಋತುಚಕ್ರ ಎಲ್ಲ ಕಡೆಯೂ ಹೀಗೇ ಇರುವುದಿಲ್ಲ. ಕೀನ್ಯಾ ಪರ್ವತ, ಕಿಲಿಮಾಂಜಾರೋದಂಥ ಕಡೆ ತಿಂಗಳಿಂದ ತಿಂಗಳಿಗೆ ಉಷ್ಣಾಂಶ ಹೆಚ್ಚೇನೂ ಬದಲಾಗುವುದಿಲ್ಲ. ಅಲ್ಲಿ ಏರಿಳಿತವೆಲ್ಲ ಒಂದೇ ದಿನದೊಳಗೆ. ಹಗಲು ಬೇಸಿಗೆ, ರಾತ್ರಿ ಚಳಿಗಾಲ ಎಂದು ಸಸ್ಯವಿಜ್ಞಾನಿಗಳು ಹೇಳುವುದು ಇದನ್ನೇ. ಅಲ್ಲಿನ ದೈತ್ಯ ಸೆನೆಸಿಯೋ ಗಿಡಗಳು ರಾತ್ರಿಯಾಗುತ್ತಿದ್ದಂತೆ ಎಲೆಗಳನ್ನು ಒಳಕ್ಕೆ ಮಡಚಿ ನಡುವಿನ ಎಳೆ ಮೊಗ್ಗನ್ನು ಕಾಪಾಡಿಕೊಳ್ಳುತ್ತವೆ. ಸಮಶೀತೋಷ್ಣ ವಲಯದ ಗಿಡಕ್ಕೆ ಚಳಿಗಾಲದ ಹಿಮವೇ ರಕ್ಷಣೆ. ದಪ್ಪ ಹಿಮದಡಿ ಉಷ್ಣಾಂಶ ಸೊನ್ನೆಯ ಹತ್ತಿರವೇ ಇರುತ್ತದೆ, ಹೊರಗೆ ಎಷ್ಟೇ ಇಳಿಯಲಿ. ಉಷ್ಣವಲಯದ ಗಿಡಕ್ಕೆ ಆ ಆಸರೆಯೂ ಇಲ್ಲ.

ಚಳಿ ಮತ್ತು ಹಿಮ ಒಂದೇ ಎಂದು ತಿಳಿಯುವುದೂ ತಪ್ಪು. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ-ಹಿಮ ಎಲ್ಲ ಸೇರಿ 100 ಮಿಲಿಮೀಟರ್ ಆಸುಪಾಸು. ಅದು ಶೀತ ಮರುಭೂಮಿ. ಅಲ್ಲಿ ಬೇಸಿಗೆ ಸಾಕಷ್ಟು ಬೆಚ್ಚಗಿರುವುದರಿಂದ ನೀರು ಹಾಯಿಸಿದ ಕಡೆ ಪಾಪ್ಲರ್, ವಿಲ್ಲೋ ಮರಗಳು ಎತ್ತರಕ್ಕೆ ಬೆಳೆಯುತ್ತವೆ. ಕಡಲಿನ ತೇವವನ್ನು ಹೊತ್ತು ಬರುವ ಗಾಳಿಗೆ ಅಡ್ಡವಾಗಿ ನಿಂತ ಜಪಾನಿನ ತಾತೆಯಾಮದಲ್ಲಾದರೆ ರಸ್ತೆ ತೆರವು ಮಾಡುವಾಗ ಇಕ್ಕೆಲದ ಹಿಮದ ಗೋಡೆ ಕೆಲವು ವರ್ಷ 20 ಮೀಟರ್ ಹತ್ತಿರಕ್ಕೆ ಹೋಗುತ್ತದೆ. ಹಿಮ ಎಷ್ಟು ಬೀಳುತ್ತದೆ ಎಂಬುದನ್ನು ನಿರ್ಧರಿಸುವುದು ತೇವ, ಚಳಿಯೊಂದೇ ಅಲ್ಲ.

10 ಡಿಗ್ರಿಯ ಆ ಗೆರೆ ಈಗ ಮೇಲಕ್ಕೆ ಸರಿಯುತ್ತಿದೆ. ಆಸ್ಟ್ರಿಯಾದ ಸೊನ್‌ಬ್ಲಿಕ್ ಶಿಖರದಲ್ಲಿ, 3,106 ಮೀಟರ್ ಎತ್ತರದಲ್ಲಿ, 1886ರಿಂದ ಹವೆಯನ್ನು ಅಳೆಯುತ್ತಾ ಬಂದಿದ್ದಾರೆ. ಇಂಥ ದೀರ್ಘ ದಾಖಲೆಗಳ ಪ್ರಕಾರ 19ನೇ ಶತಮಾನದ ಕೊನೆಯಿಂದ ಈಚೆಗೆ ಆಲ್ಪ್ಸ್ ಸುಮಾರು 2 ಡಿಗ್ರಿ ಬಿಸಿಯಾಗಿದೆ. ಯುರೋಪಿನ 302 ಶಿಖರಗಳ ಹಳೆಯ ಮತ್ತು ಹೊಸ ಸಸ್ಯಪಟ್ಟಿಗಳನ್ನು ಹೋಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು: ಕೆಳಗಿನ ಗಿಡಗಳು ಶಿಖರಗಳಿಗೆ ಹತ್ತುತ್ತಿವೆ, ಹತ್ತುವ ವೇಗವೂ ಹೆಚ್ಚುತ್ತಿದೆ. ಮರಗಳು ಮಾತ್ರ ಅಷ್ಟು ಬೇಗ ಹಿಂಬಾಲಿಸುವುದಿಲ್ಲ. ಉಷ್ಣಾಂಶ ಅನುಕೂಲವಾದರೂ ಬೀಜ ಬೀಳಬೇಕು, ಬೇರಿಗೆ ಮಣ್ಣು ಸಿಗಬೇಕು, ಸಸಿ ಗಾಳಿಗೂ ಹಿಮಕುಸಿತಕ್ಕೂ ಸಿಗದೆ ಉಳಿಯಬೇಕು. ಹಾಗಾಗಿ ಉಷ್ಣಮಾಪಕದ ಲೆಕ್ಕದಲ್ಲಿ ಆಲ್ಪೈನ್ ಅಲ್ಲದ ಎಷ್ಟೋ ಇಳಿಜಾರುಗಳು ಇನ್ನೂ ದಶಕಗಳ ಕಾಲ ಮರಗಳಿಲ್ಲದೆಯೇ ಇರುತ್ತವೆ.